ಟೈರಿಗೂ ಎಕ್ಸ್‌ಪೈರಿ ಡೇಟ್ ಇದೆಯೇ? ಮನೆಯಲ್ಲಿ ಹಳೆಯ ಕಾರು ಇರುವವರು ತಿಳಿಯಬೇಕಾದದ್ದು

ಈ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಟೈರಿನ ಮೇಲೆ ಎರಡು ಸ್ಟಾರ್‌ಗಳ ನಡುವೆ ನಾಲ್ಕು ಅಂಕಿ ಇರುತ್ತದಂತೆ, ಅದರಿಂದ ಎಕ್ಸ್‌ಪೈರಿ ಗೊತ್ತಾಗುತ್ತದಂತೆ, ನಾಲ್ಕು ವರ್ಷ ದಾಟಿದ ಟೈರ್ ಯಾವಾಗ ಬೇಕಾದರೂ ಸಿಡಿಯುತ್ತದಂತೆ. ಕೊನೆಯಲ್ಲಿ ಎಂದಿನಂತೆ, ತಕ್ಷಣ ಎಲ್ಲರಿಗೂ ಕಳಿಸಿ.

ಇದು ಅರ್ಧ ನಿಜ. ಸುಳ್ಳಿನ ಅರ್ಧವನ್ನು ನಂಬಿದವರು ಚೆನ್ನಾಗಿರುವ ಟೈರನ್ನೂ ಕಿತ್ತು ಬಿಸಾಡುತ್ತಾರೆ. ನಿಜದ ಅರ್ಧ ಯಾರಿಗೆ ಹೆಚ್ಚು ಬೇಕೋ ಅವರು ಅದನ್ನು ಗಮನಿಸುವುದೇ ಇಲ್ಲ. ಅಪ್ಪನ ಕಾಲದ ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡು ಭಾನುವಾರಕ್ಕೊಮ್ಮೆ, ಇಲ್ಲವೇ ಮದುವೆ ಮುಂಜಿಗೊಮ್ಮೆ ಹೊರಗೆ ತೆಗೆಯುವವರ ಬಗ್ಗೆ ಹೇಳುತ್ತಿದ್ದೇವೆ. ಅವರ ಕಾರಿನ ಟೈರ್ ಸವೆದಿರುವುದಿಲ್ಲ. ಸಮಸ್ಯೆ ಇರುವುದೇ ಅಲ್ಲಿ.

ಆ ನಾಲ್ಕು ಅಂಕಿ ಏನು?

ಟೈರಿನ ಪಕ್ಕದ ಗೋಡೆಯ ಮೇಲೆ ‘ಡಿಒಟಿ’ ಎಂಬ ಅಕ್ಷರಗಳಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2319 ಎಂದಿದ್ದರೆ 2019ರ 23ನೇ ವಾರ, ಅಂದರೆ ಜೂನ್ ತಿಂಗಳು. ಸ್ಟಾರ್ ಇರಲೇಬೇಕೆಂದೇನಿಲ್ಲ. ಇದು ಹುಟ್ಟಿದ ದಿನ, ಸಾಯುವ ದಿನವಲ್ಲ.

ಎಷ್ಟೋ ಟೈರ್‌ಗಳಲ್ಲಿ ಈ ಪೂರ್ತಿ ಸಾಲು ಒಂದೇ ಬದಿಯಲ್ಲಿರುತ್ತದೆ. ಅದು ಕಾರಿನ ಒಳಬದಿಗೆ ಬಂದಿದ್ದರೆ ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆಯುವುದೇ ಸುಲಭ. (ಆಯುಧಪೂಜೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಹೇಗೂ ಬಗ್ಗುತ್ತೀರಿ. ಆಗಲೇ ಓದಿಬಿಡಿ.)

ಕೊನೆಯಲ್ಲಿ ಮೂರೇ ಅಂಕಿ ಕಂಡರೆ ಟೈರ್ 2000ಕ್ಕಿಂತ ಮೊದಲಿನದು. ಉದಾಹರಣೆಗೆ 238 ಎಂದರೆ ಯಾವುದೋ ದಶಕದ 8ನೇ ವರ್ಷದ 23ನೇ ವಾರ. ಅದು 1988 ಆಗಿರಬಹುದು, 1998 ಕೂಡ ಆಗಿರಬಹುದು. ತೊಂಬತ್ತರ ದಶಕದ ಎಷ್ಟೋ ಟೈರ್‌ಗಳಲ್ಲಿ ಪಕ್ಕಕ್ಕೊಂದು ಪುಟ್ಟ ತ್ರಿಕೋನ ಇರುತ್ತಿತ್ತು. ಯಾವುದಾದರೂ ಸರಿ, ಅದು ಕಾಲು ಶತಮಾನ ದಾಟಿದ ರಬ್ಬರ್. ಥ್ರೆಡ್ ಎಷ್ಟೇ ಇರಲಿ, ಅದರ ಮೇಲೆ ರಸ್ತೆಗೆ ಇಳಿಯಬೇಡಿ.

ಹಾಗಾದರೆ ಎಷ್ಟು ವರ್ಷ? ನಾಲ್ಕು ವರ್ಷದ ಲೆಕ್ಕಕ್ಕೆ ಆಧಾರವಿಲ್ಲ. ಐದು ವರ್ಷ ಬಳಸಿದ ಮೇಲೆ ಪ್ರತಿ ವರ್ಷ ತಿಳಿದವರಿಂದ ಪರೀಕ್ಷೆ ಮಾಡಿಸಿ, ತಯಾರಾಗಿ ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ಬದಲಿಸಿ ಎಂಬುದು ಮಿಶೆಲಿನ್ ಕಂಪನಿಯ ಸಲಹೆ. ಕೆಲವು ಕಾರು ಕಂಪನಿಗಳು ಆರೇ ವರ್ಷ ಎನ್ನುತ್ತವೆ. ನಮ್ಮಲ್ಲಿ ಕಾರಿನ ಟೈರಿಗೆ ನಿಯಮ ಕೇಳುವುದು ಥ್ರೆಡ್ಡಿನ ಆಳವನ್ನು, ಕನಿಷ್ಠ 1.6 ಮಿಲಿಮೀಟರ್. ಅಪರೂಪಕ್ಕೆ ಓಡುವ ಕಾರು ಈ ಪರೀಕ್ಷೆಯಲ್ಲಿ ಯಾವಾಗಲೂ ಪಾಸ್.

ಓಡದ ಟೈರ್ ಹಾಳಾಗುವುದು ಹೇಗೆ?

ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿಗಳು ಬೀಳುತ್ತವೆ, ರಬ್ಬರ್ ಗಟ್ಟಿಯೂ ಪುಟಿಯುವಂಥದ್ದೂ ಆಗುತ್ತದೆ. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡದ್ದು ಇದನ್ನೇ. ಆದರೆ ಟೈರ್ ಕಾರ್ಖಾನೆಯಿಂದ ಹೊರಬಂದ ಮೇಲೂ ರಸಾಯನಶಾಸ್ತ್ರ ಸುಮ್ಮನಿರುವುದಿಲ್ಲ. ಗಾಳಿಯ ಆಮ್ಲಜನಕ ನಿಧಾನವಾಗಿ ಕೆಲವು ಸರಪಳಿಗಳನ್ನು ತುಂಡರಿಸುತ್ತದೆ, ಬೇಡದ ಕಡೆ ಹೊಸ ಕೊಂಡಿಗಳನ್ನು ಹಾಕುತ್ತದೆ. ರಬ್ಬರ್ ಬಿರುಸಾಗುತ್ತದೆ. ಬಿರುಸಾದ ರಬ್ಬರ್ ಮಳೆ ಬಿದ್ದ ರಸ್ತೆಯನ್ನು ಹಿಡಿಯುವುದಿಲ್ಲ, ಜಾರುತ್ತದೆ.

ಇನ್ನೊಂದು ಶತ್ರು ಓಝೋನ್. ಟೈರ್ ಎಲ್ಲಿ ಎಳೆದಂತಿರುತ್ತದೋ ಅಲ್ಲಿ ಅದು ಮೇಲ್ಮೈಯನ್ನು ಸೀಳುತ್ತದೆ. ಹಳೆಯ ಟೈರಿನ ಪಕ್ಕದಲ್ಲಿ ಕಾಣುವ ಕೂದಲೆಳೆಯ ಬಿರುಕುಗಳಿಗೆ ಬಹುಪಾಲು ಇದೇ ಕಾರಣ. ಇದನ್ನು ತಡೆಯಲೆಂದೇ ರಬ್ಬರಿನಲ್ಲಿ ಮೇಣ ಮತ್ತು ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಟೈರ್ ಉರುಳುತ್ತಾ ಬಳುಕುವಾಗ ಅವು ಒಳಗಿನಿಂದ ಮೇಲಕ್ಕೆ ಬಂದು ತೆಳುವಾದ ಪದರ ಕಟ್ಟುತ್ತವೆ. ಶೆಡ್ಡಿನಲ್ಲಿ ನಿಂತೇ ಇರುವ ಕಾರಿನ ಟೈರಿಗೆ ಈ ಬಳುಕಾಟವೇ ಇಲ್ಲ. ಹಾಗಾಗಿ ದಿನಾ ಓಡುವ ಟೈರಿಗಿಂತ ನಿಂತ ಟೈರ್ ಬೇಗ ಬಿರುಕು ಬಿಡುವುದುಂಟು. ಅಂದಹಾಗೆ, ಟೈರಿನ ಮೇಲೆ ಕಾಣುವ ಕಂದು ಬಣ್ಣದ ಪುಡಿಯಂಥ ಲೇಪ ಸಾಮಾನ್ಯವಾಗಿ ಈ ರಕ್ಷಕಗಳದ್ದೇ. ಅದೊಂದನ್ನೇ ನೋಡಿ ಟೈರ್ ಹಾಳಾಯಿತು ಎನ್ನಬೇಡಿ.

ನಿಜವಾದ ಅಪಾಯ ಕಣ್ಣಿಗೆ ಬೀಳದ ಜಾಗದಲ್ಲಿದೆ. ಒಳಗೆ ಒತ್ತಡದಲ್ಲಿರುವ ಗಾಳಿ ರಬ್ಬರಿನ ಮೂಲಕ ಹೊರಕ್ಕೆ ನುಸುಳುತ್ತಲೇ ಇರುತ್ತದೆ. ಹೋಗುವ ದಾರಿಯಲ್ಲಿ ಅದು ಉಕ್ಕಿನ ತಂತಿಯ ಪಟ್ಟಿಗಳನ್ನು, ಹಳೆಯ ಕ್ರಾಸ್‌ಪ್ಲೈ ಟೈರ್ ಆದರೆ ನೈಲಾನ್ ಪದರಗಳನ್ನು, ಹಿಡಿದಿಟ್ಟ ರಬ್ಬರನ್ನು ಒಣಗಿಸುತ್ತದೆ. ಊರೊಳಗೆ 30 ಕಿಲೋಮೀಟರ್ ವೇಗದಲ್ಲಿ ಏನೂ ಗೊತ್ತಾಗುವುದಿಲ್ಲ. ವರ್ಷಕ್ಕೊಮ್ಮೆ ಐದು ಜನ, ಡಿಕ್ಕಿ ತುಂಬ ಲಗೇಜು ಹಾಕಿಕೊಂಡು ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿಗೆ ಬಂದಾಗ ಟೈರ್ ಕಾಯುತ್ತದೆ, ಪದರಗಳು ಒಂದಕ್ಕೊಂದು ಬಿಡುತ್ತವೆ, ಥ್ರೆಡ್ ಪೂರ್ತಿ ಕಿತ್ತು ಬರುತ್ತದೆ.

ಬಿಸಿಲಿನ ಪಾತ್ರಕ್ಕೆ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಮುಂದಿಟ್ಟ ಒಂದು ಲೆಕ್ಕವಿದೆ. ಒಂದು ದೊಡ್ಡ ವಿಮಾ ಕಂಪನಿಯ 2002ರಿಂದ 2006ರವರೆಗಿನ ಟೈರ್ ಸಂಬಂಧಿ ಕ್ಲೇಮುಗಳಲ್ಲಿ ಶೇ 77ರಷ್ಟು ಟೆಕ್ಸಾಸ್, ಅರಿಜೋನಾ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಲೂಸಿಯಾನಾ ಎಂಬ ಐದು ಬಿಸಿ ರಾಜ್ಯಗಳಿಂದ ಬಂದಿದ್ದವು. ಆ ಕಂಪನಿಯ ಪಾಲಿಸಿದಾರರಲ್ಲಿ ಅಲ್ಲಿದ್ದವರು ಶೇ 27 ಮಾತ್ರ. ಆ ಕ್ಲೇಮುಗಳಲ್ಲಿ ಶೇ 84ರಷ್ಟು ಟೈರ್‌ಗಳು ಆರು ವರ್ಷ ದಾಟಿದ್ದವು. ರಾಯಚೂರು, ಕಲಬುರಗಿಯವರಿಗೆ ಬೇಸಿಗೆಯ ಬಗ್ಗೆ ಬೇರೆ ಹೇಳಬೇಕಿಲ್ಲ.

ಥ್ರೆಡ್ ಇತ್ತು, ಟೈರ್ ಸಿಡಿಯಿತು

2012ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ಸರ‍್ರೆಯಲ್ಲಿ ಸಂಗೀತೋತ್ಸವ ಮುಗಿಸಿ ಯುವಜನರನ್ನು ಕರೆತರುತ್ತಿದ್ದ ಬಸ್ಸಿನ ಮುಂದಿನ ಟೈರ್ ಸಿಡಿದು, ಬಸ್ಸು ಮರಕ್ಕೆ ಬಡಿಯಿತು. ಮೂವರು ಸತ್ತರು. ಆ ಟೈರಿನ ವಯಸ್ಸು ಹತ್ತೊಂಬತ್ತೂವರೆ ವರ್ಷ, ಬಸ್ಸಿಗಿಂತಲೂ ಹಳೆಯದು. ಥ್ರೆಡ್ಡಿನ ಆಳ ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. ಸತ್ತ ಯುವಕನೊಬ್ಬನ ತಾಯಿ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2021ರ ಫೆಬ್ರವರಿ 1ರಿಂದ ಲಾರಿ, ಬಸ್ಸುಗಳ ಮುಂದಿನ ಚಕ್ರಕ್ಕೆ ಹತ್ತು ವರ್ಷ ಮೀರಿದ ಟೈರ್ ಹಾಕುವುದನ್ನು ಅಲ್ಲಿ ನಿಷೇಧಿಸಲಾಯಿತು. ಖಾಸಗಿ ಕಾರುಗಳು ಆ ನಿಯಮದ ಹೊರಗಿವೆ. ಅಂದರೆ ಅಲ್ಲೂ ಹಳೆಯ ಕಾರಿನವರ ಟೈರಿಗೆ ಅವರೇ ಹೊಣೆ.

2013ರಲ್ಲಿ ನಟ ಪಾಲ್ ವಾಕರ್ ಸತ್ತ ಅಪಘಾತವನ್ನೂ ಕೆಲವು ಫಾರ್ವರ್ಡ್‌ಗಳು ಟೈರಿನ ತಲೆಗೆ ಕಟ್ಟುತ್ತವೆ. ಅಲ್ಲಿ ಮುಖ್ಯ ಕಾರಣ ವಿಪರೀತ ವೇಗ. ಆ ಪೋರ್ಶೆಯ ಟೈರ್‌ಗಳು ಒಂಬತ್ತು ವರ್ಷ ಹಳೆಯವು, ಅದರಿಂದ ಕಾರಿನ ಹಿಡಿತ ಕೆಟ್ಟಿರಬಹುದು ಎಂದೂ ತನಿಖೆಯವರು ಹೇಳಿದ್ದರು. ಎರಡನ್ನೂ ಹೇಳಿದರೆ ಮಾತ್ರ ಅದು ಸರಿಯಾದ ಸುದ್ದಿ.

ಪರೀಕ್ಷೆ ಹೇಗೆ ಮಾಡುವುದು?

ಮೊದಲು ಟೈರನ್ನು ತೊಳೆಯಿರಿ. ಟೈರ್ ಪಾಲಿಶ್ ಹಚ್ಚಿದ್ದರೆ ಬಿರುಕುಗಳು ಮುಚ್ಚಿಹೋಗಿರುತ್ತವೆ. ಹಳೆ ಕಾರು ಕೊಳ್ಳಲು ಹೋದಾಗ ಟೈರ್ ಫಳಫಳ ಹೊಳೆಯುತ್ತಿದ್ದರೆ ಇನ್ನಷ್ಟು ಹತ್ತಿರದಿಂದ ನೋಡಿ. ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ. ಒಳಬದಿಯನ್ನೂ ನೋಡಬೇಕು, ಬಿರುಕು ಎಷ್ಟೋ ಸಲ ಅಲ್ಲೇ ಇರುತ್ತದೆ. ಥ್ರೆಡ್ಡಿನ ಸಾಲುಗಳ ಬುಡವನ್ನು ಹೆಬ್ಬೆರಳಿನಿಂದ ಅಗಲಿಸಿ ನೋಡಿ. ಬಿರುಕಿನೊಳಗೆ ನೂಲು ಅಥವಾ ತಂತಿ ಕಂಡರೆ, ಎಲ್ಲಾದರೂ ಗುಬುಟು ಎದ್ದಿದ್ದರೆ, ತಿರುಗುವಾಗ ಥ್ರೆಡ್ ಒಂದು ಕಡೆ ಮೇಲೆದ್ದಂತೆ ಕಂಡರೆ ಅವತ್ತೇ ಆ ಟೈರಿಗೆ ವಿದಾಯ. ಬಹಳ ದಿನ ನಿಂತ ಕಾರು ಹೊರಟ ಕೂಡಲೇ ಸ್ವಲ್ಪ ಧಡಧಡ ಎನ್ನುವುದು ಸಹಜ. ಕೆಲವು ಕಿಲೋಮೀಟರ್ ಓಡಿದ ಮೇಲೂ ಅದು ನಿಲ್ಲದಿದ್ದರೆ ಅಥವಾ ಹೆಚ್ಚಾದರೆ ಮುಂದೆ ಹೋಗಬೇಡಿ.

ಒಂದು ಮಾತು ಇಲ್ಲಿ ಸ್ಪಷ್ಟವಾಗಿರಲಿ. ಬಿರುಕು ಇದ್ದರೆ ಟೈರ್ ಕೆಟ್ಟಿದೆ ಎನ್ನಬಹುದು, ಬಿರುಕಿಲ್ಲ ಎಂದರೆ ಒಳಗೂ ಚೆನ್ನಾಗಿದೆ ಎನ್ನಲಾಗದು. ಅದಕ್ಕೇ ಕೊನೆಗೆ ತೀರ್ಮಾನಿಸಬೇಕಾದದ್ದು ಆ ನಾಲ್ಕು ಅಂಕಿ. ನೈಟ್ರೋಜನ್ ತುಂಬಿಸಿದರೆ ಈ ಚಿಂತೆಯೇ ಇಲ್ಲ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಒಳಗಿನ ಸವಕಳಿಯನ್ನು ನಿಧಾನ ಮಾಡಬಹುದು, ಈಗಾಗಲೇ ಹದಿನೈದು ವರ್ಷವಾದ ರಬ್ಬರನ್ನು ಹೊಸದು ಮಾಡುವುದಿಲ್ಲ.

ಹೊಸ ಟೈರ್ ಹುಡುಕುವಾಗ

ಅಂಬಾಸಿಡರಿನ 5.90-15, ಪದ್ಮಿನಿಯ 5.20-14 ಈಗಿನ ಕಾರುಗಳ ಅಳತೆಗಳಲ್ಲ. ಅಂಗಡಿಯವರು ಗೋದಾಮಿನಿಂದ ‘ಬಳಸದ ಹೊಸ ಪೀಸ್’ ತೆಗೆದುಕೊಟ್ಟರೆ ದುಡ್ಡು ಕೊಡುವ ಮೊದಲು ದಿನಾಂಕ ಓದಿ. ಹನ್ನೆರಡು ವರ್ಷ ಗೋದಾಮಿನಲ್ಲಿ ಕೂತ ಟೈರಿಗೂ ಹನ್ನೆರಡು ವರ್ಷವೇ. ರೇಡಿಯಲ್‌ಗೆ ಬದಲಾಯಿಸುವುದಾದರೆ ನಾಲ್ಕನ್ನೂ ಬದಲಾಯಿಸುವುದು ಒಳ್ಳೆಯದು. ಒಂದೇ ಆ್ಯಕ್ಸಲ್‌ನಲ್ಲಿ ಒಂದು ರೇಡಿಯಲ್, ಒಂದು ಕ್ರಾಸ್‌ಪ್ಲೈ ಯಾವತ್ತೂ ಬೇಡ. ಟ್ಯೂಬ್ ಇದ್ದರೆ ಅದನ್ನೂ ಹೊಸದಾಗಿ ಹಾಕಿಸಿ, ಹಳೆಯ ಟ್ಯೂಬಿನ ವಾಲ್ವ್ ಬುಡ ಮೊದಲು ಬಿಡುತ್ತದೆ. ಟೈರ್ ಕಳಚಿದಾಗ ರಿಮ್ಮಿನ ತುಕ್ಕನ್ನೂ ನೋಡಿಸಿ.

ಇನ್ನು ಡಿಕ್ಕಿಯಲ್ಲಿರುವ ಸ್ಟೆಪ್ನಿ. (ಈ ಪದ ಬಂದದ್ದು ವೇಲ್ಸಿನ ಲನೆಥ್ಲಿ ಊರಿನ ಸ್ಟೆಪ್ನಿ ಬೀದಿಯಿಂದ. ಹೆಚ್ಚುವರಿ ಚಕ್ರ ಮಾರಲು ಶುರು ಮಾಡಿದ ಕಂಪನಿ ಅಲ್ಲಿತ್ತು.) ನಾಲ್ಕು ಟೈರ್ ಎರಡು ಸಲ ಬದಲಾದರೂ ಸ್ಟೆಪ್ನಿ ಮಾತ್ರ ಕಾರಿನ ಜೊತೆ ಬಂದದ್ದೇ ಇರುತ್ತದೆ, ಗೀಟು ಬಿದ್ದಿರುವುದಿಲ್ಲ, ಹೊಸದರಂತೆ ಕಾಣುತ್ತದೆ. ಅದರ ಅಂಕಿಯನ್ನೂ ಓದಿ. ಹತ್ತು ವರ್ಷ ದಾಟಿದ್ದರೆ ಈ ಸಲ ಅಂಗಡಿಯಲ್ಲಿ ಐದು ಟೈರ್ ಕೇಳಿ.