ಹೊಟ್ಟೆ ಯಾರದು, ಅವಸರ ಯಾರದು?

ಕೊಗನೊಳ್ಳಿಯ ಬಸುರಿಗೆ ಹೆದ್ದಾರಿಯ ಒಂದು ಕಡೆ ನಿಪ್ಪಾಣಿ, ಇನ್ನೊಂದು ಕಡೆ ಕೊಲ್ಲಾಪುರ. ಎಲ್ಲಿಗೆ ಹೋದರೂ ಮರಳುವಾಗ ಹೊಟ್ಟೆಯ ಮೇಲೆ ಹೊಲಿಗೆ ಇದ್ದರೆ ಊರಿನ ಮಾತು ಒಂದೇ: ‘ಈಗಿನ ಹುಡುಗಿಯರಿಗೆ ನೋವು ತಾಳುವ ತಾಕತ್ತಿಲ್ಲ.’

ತಾಕತ್ತಿನ ಮಾತು ಬಿಡಿ, ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14 ಸಿಸೇರಿಯನ್, ಖಾಸಗಿಯಲ್ಲಿ ಶೇ. 47. ಕರ್ನಾಟಕದ ಒಟ್ಟು ಪ್ರಮಾಣ 2015-16ರ ಶೇ. 23.6ರಿಂದ 31.5ಕ್ಕೆ ಏರಿತು. ಅಷ್ಟರಲ್ಲೇ ಹೆಣ್ಣಿನ ಸೊಂಟ ಬದಲಾಯಿತೇ? ಉಳ್ಳವರು, ವಯಸ್ಸಾದ ಚೊಚ್ಚಲ ಬಸುರಿಯರು ಖಾಸಗಿಗೆ ಹೆಚ್ಚು ಹೋಗುತ್ತಾರೆ, ನಿಜ. ಮೂರು ಪಟ್ಟು ಅಂತರಕ್ಕೆ ಅದೊಂದೇ ಉತ್ತರವಲ್ಲ. ಸಹಜ ಹೆರಿಗೆಗೆ ರಾತ್ರಿಯಿಡೀ ಕಾಯಬೇಕು. ಕೊಯ್ದರೆ ತಾಸಿನ ಕೆಲಸ, ಬಿಲ್ಲೂ ದೊಡ್ಡದು. ಮುಹೂರ್ತ ನೋಡಿ ಕೊಯ್ಯಿಸುವ ಮನೆಯವರೂ ಇದರಲ್ಲಿ ಪಾಲುದಾರರೇ.

ಮಗು ಅಡ್ಡವಾದಾಗ, ರಕ್ತ ಸುರಿದಾಗ ಸಿಸೇರಿಯನ್ ಜೀವ ಉಳಿಸುತ್ತದೆ. ಆಗ ಅದು ಬಡವಳಿಗೂ ಸಿಗಲೇಬೇಕು, ಸುರಕ್ಷಿತವಾಗಿ ಸಿಗಬೇಕು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತದ್ದನ್ನು ಮರೆಯಬಾರದು. ಆದರೆ ಜನಸಮುದಾಯದಲ್ಲಿ ಈ ಪ್ರಮಾಣ ಶೇ. 10 ದಾಟಿದ ಮೇಲೆ ಸಾವು ಮತ್ತಷ್ಟು ತಗ್ಗಿದ್ದು ಕಾಣದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಮೊರ ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ನಿಪ್ಪಾಣಿಯ ಹೆಣ್ಣಿಗೆ ಹೊಲಿಗೆ ಎಂದರೆ ನಿಂತ ಕೂಲಿ, ಹೊತ್ತ ಸಾಲ. ಪ್ರತಿ ಆಸ್ಪತ್ರೆಯೂ ತನ್ನ ಸಿಸೇರಿಯನ್ ಪ್ರಮಾಣವನ್ನು ಬಾಗಿಲಲ್ಲಿ ಬರೆದು ಹಾಕಲಿ. ಕೊಯ್ಯುವ ಕಾರಣವನ್ನು ಅವಳ ಭಾಷೆಯಲ್ಲೇ ಹೇಳಲಿ. ತಾಯಿಯ ಪಾದದಡಿ ಸ್ವರ್ಗವಿದೆ ಎಂದು ಮಿಂಬರಿನಿಂದ ಹೇಳುವ ನಾವು, ಆ ತಾಯಿಯ ಪರವಾಗಿ ‘ಯಾಕೆ?’ ಎಂದು ಕೇಳಲೂ ಕಲಿಯಬೇಕು.