ಕಾಲುವೆಯ ತುದಿಗೆ ನೀರು ಬರುವ ಬಗೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲೂಕಿನಲ್ಲಿ ನೀರಮಾನ್ವಿಯೆಂಬ ಗ್ರಾಮವಿರುವುದು. ಹೆಸರಿನ ಮೊದಲಲ್ಲೇ ನೀರಿದ್ದರೂ ಆ ಸೀಮೆಯ ರೈತರ ಕಣ್ಣೆಲ್ಲ ತುಂಗಭದ್ರೆಯ ಎಡದಂಡೆ ಕಾಲುವೆಯ ಮೇಲೆ. ಮುನಿರಾಬಾದಿನ ಬಳಿ ಅಣೆಕಟ್ಟಿನಿಂದ ಹೊರಡುವ ಈ ಕಾಲುವೆಯು ಸುಮಾರು 227 ಕಿಲೋಮೀಟರು ಹರಿಯುವುದು. ಮಾನ್ವಿಯೂ ರಾಯಚೂರೂ ಅದರ ಕೆಳಭಾಗಕ್ಕೆ ಸೇರಿದವು. ಮೇಲೆ ನೀರು ಹೆಚ್ಚಿಸಿದರೆಂಬ ಸುದ್ದಿಯು ದೂರವಾಣಿಯಲ್ಲಿ ಕ್ಷಣಮಾತ್ರದಲ್ಲಿ ಬರುವುದು. ನೀರು ಮಾತ್ರ ಬಾರದು. ಈ ತಡವೇಕೆಂಬುದನ್ನು ಈ ತಿಂಗಳು ವಾಚಕರೊಡನೆ ವಿಚಾರಿಸುವೆವು.

ಹರಿಯುವ ನೀರಿಗೆ ಎರಡು ಲೆಕ್ಕಗಳುಂಟು. ಮೊದಲನೆಯದು ಗೃಹಿಣಿಯರು ಬಲ್ಲುದೇ: ಬಂದುದರಲ್ಲಿ ಹೋದುದನ್ನು ಕಳೆದರೆ ಉಳಿದುದು. ಎರಡನೆಯದು ವೇಗದ ಲೆಕ್ಕ: ಇಳಿಜಾರು ನೀರನ್ನು ಮುಂದಕ್ಕೆಳೆಯುವುದು, ತಳವೂ ದಡವೂ ಉಜ್ಜಿ ತಡೆಯುವುವು. 1871ರಲ್ಲಿ ಫ್ರಾನ್ಸಿನ ಸಾಂ-ವೆನಾಂ ಎಂಬವರು ಇವೆರಡನ್ನೂ ಸಮೀಕರಣಗಳಾಗಿ ಬರೆದರು. ಎರಡು ಮೀಟರು ಆಳದ ನೀರು ಸೆಕೆಂಡಿಗೆ 0.9 ಮೀಟರಿನಂತೆ ಹರಿಯುತ್ತಿರುವುದೆಂದು ಭಾವಿಸೋಣ. ಆಗ ಮೇಲೆದ್ದ ಅಲೆಯು ಸೆಕೆಂಡಿಗೆ 5.3 ಮೀಟರಿನಂತೆ ಓಡಿ, 200 ಕಿಲೋಮೀಟರು ದೂರದ ಹೊಲವನ್ನು ಹತ್ತೂವರೆ ಗಂಟೆಯಲ್ಲಿ ಮುಟ್ಟಬೇಕು.

ಆದರೆ ಮುಟ್ಟುವುದಿಲ್ಲ. ಏಕೆಂದರೆ ಎಳೆತಕ್ಕೂ ತಡೆಗೂ ಸಮತೂಕವೊದಗಲು ಕೆಲವು ನಿಮಿಷಗಳು ಸಾಕು, ಪ್ರಯಾಣವೋ ಗಂಟೆಗಟ್ಟಲೆಯದು. ಅಷ್ಟರಲ್ಲಿ ಆ ಶೀಘ್ರಗಾಮಿಯಾದ ಅಲೆಯು ಸವೆದುಹೋಗುವುದು. ವೇಗವು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಂಡು ಆಳಕ್ಕೆ ಅಧೀನವಾಗುವುದು. ಎರಡು ಲೆಕ್ಕಗಳು ಒಂದಾಗುವುವು. ಉಳಿದ ಒಂದೇ ಅಲೆಯು ನೀರಿನ ವೇಗಕ್ಕಿಂತ ಮೂರರಲ್ಲಿ ಎರಡು ಪಾಲು ಹೆಚ್ಚಾಗಿ, ಅಂದರೆ 1.5 ಮೀಟರಿನಂತೆ ಸಾಗುವುದು. ಇಂಥ ಅಲೆಗಳ ಸ್ವರೂಪವನ್ನು ಲೈಟ್‌ಹಿಲ್ ಮತ್ತು ವಿದಮ್ ಎಂಬವರು 1955ರಲ್ಲಿ ವಿಶದಪಡಿಸಿದರು. ಹತ್ತೂವರೆ ಗಂಟೆಯ ದಾರಿ ಈಗ 37 ಗಂಟೆಯದಾಯಿತು! ಸೋರಿಕೆಯನ್ನೂ ದಾರಿಯ ತೂಬುಗಳನ್ನೂ ನಾವಿನ್ನೂ ಎಣಿಸಿಲ್ಲ.

ಇದಕ್ಕೊಂದು ಕಟ್ಟಳೆಯುಂಟು: ನಿಧಾನದ ಅಲೆಯು ಶೀಘ್ರದ ಅಲೆಯನ್ನು ಮೀರಬಾರದು. ಕಡಿದಾದ ಇಳಿಜಾರಿನಲ್ಲಿ ಮೀರಿದರೆ ನೀರು ಸಮನಾಗಿ ಹರಿಯದೆ, ಮಡಿಕೆಮಡಿಕೆಯಾಗಿ ಉರುಳತೊಡಗುವುದು. ಇಂಥ ಸಮೀಕರಣಗಳಲ್ಲಿ ಈ ಕಟ್ಟಳೆಗಿರುವ ಮಹತ್ವವನ್ನು ತಾಯ್-ಪಿಂಗ್ ಲಿಯು ಎಂಬ ಗಣಿತಜ್ಞರು 1987ರಲ್ಲಿ ತೋರಿಸಿದರು. ನಾವು ಮೇಲೆ ಭಾವಿಸಿದ ಮಂದಗತಿಯ ಕಾಲುವೆಗೆ ಆ ಭಯವಿಲ್ಲ.

ಆದುದರಿಂದ ಬತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ತುದಿಯ ಹೊಲಕ್ಕೆ ನೀರು ಬೇಕಾದರೆ, ಎರಡು ದಿನ ಮುಂಚಿತವಾಗಿಯೇ ಮೇಲೆ ಬಾಗಿಲೆತ್ತತಕ್ಕದ್ದು. ಮೇಲಿನ ಹೊಲದವರೂ ಒಂದನ್ನು ನೆನೆಯಬೇಕು. ಇಂದು ಅವರು ಹೆಚ್ಚಾಗಿ ಹಾಯಿಸಿಕೊಂಡ ನೀರಿನ ಕೊರತೆಯು ನಾಳೆಯೋ ನಾಡಿದ್ದೋ, ಅವರು ಕಾಣದ ಹೊಲದಲ್ಲಿ ತಲೆದೋರುವುದು. ಕಣ್ಣಿಗೆ ಬೀಳದ ನಷ್ಟವೂ ನಷ್ಟವೇ ಸರಿ.