ಉಳಿದ ಆ ಒಂದು ವೀಸ ಎಲ್ಲಿ?



“ಊರಿನ ಮುಕ್ಕಾಲು ಮೂರುವೀಸ ಜನ ಜಾತ್ರೆಗೆ ಹೋಗಿದ್ದಾರೆ”, “ಕಳೆ ತೆಗೆಯುವ ಕೆಲಸ ಮುಕ್ಕಾಲು ಮೂರುವೀಸ ಮುಗಿಯಿತು” – ಹಿರಿಯರು ಹೀಗೆ ಮಾತನಾಡುವುದನ್ನು ನೀವು ಕೇಳಿರಬಹುದು. ‘ಹೆಚ್ಚುಕಡಿಮೆ ಎಲ್ಲ’ ಎಂದು ಅದರ ಅರ್ಥ. ಆದರೆ ಈ ಮಾತಿನೊಳಗೆ ಭಿನ್ನರಾಶಿಯ ಒಂದು ಲೆಕ್ಕವೇ ಅಡಗಿ ಕುಳಿತಿದೆ. ಅದನ್ನು ಬಿಡಿಸೋಣವೇ?

ಮುಕ್ಕಾಲು ಎಂದರೆ ಮೂರು ಕಾಲುಭಾಗ, ಅಂದರೆ 3/4. ಹಾಗಾದರೆ ವೀಸ ಎಂದರೇನು? ವಿದೇಶಕ್ಕೆ ಹೋಗುವವರಿಗೆ ಬೇಕಾಗುವ ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ! ಇದು ಕನ್ನಡದ ಹಳೆಯ ಲೆಕ್ಕದ ಪದ. ಒಂದನ್ನು ಹದಿನಾರು ಸಮಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ವೀಸ, ಅಂದರೆ 1/16. ಮೂರು ವೀಸ ಎಂದರೆ 3/16.

ಈಗ ಕೂಡಿಸಿ. 3/4 ಮತ್ತು 3/16 ಇವುಗಳ ಛೇದಗಳು ಬೇರೆ ಬೇರೆ. 4 ಮತ್ತು 16ರ ಲ.ಸಾ.ಅ. 16. ಆದ್ದರಿಂದ 3/4 ಅನ್ನು 12/16 ಎಂದು ಬರೆಯಬೇಕು. 12/16 + 3/16 = 15/16. ಪೂರ್ಣಕ್ಕೆ ಒಂದೇ ಒಂದು ವೀಸ ಕಡಿಮೆ! ಹೀಗೆ ಲ.ಸಾ.ಅ. ಬಳಸಿ ಛೇದಗಳನ್ನು ಸಮ ಮಾಡುವ ಕ್ರಮವನ್ನು ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ವಿವರಿಸಿದ್ದಾರೆ. ಅವರು ರಾಷ್ಟ್ರಕೂಟರ ದೊರೆ ಅಮೋಘವರ್ಷನ ಕಾಲದವರು.

ಹದಿನಾರೇ ಏಕೆ? ಒಂದು ಹಾಳೆ ತೆಗೆದುಕೊಂಡು ಸರಿಯಾಗಿ ಅರ್ಧಕ್ಕೆ ಮಡಚಿ. ಹೀಗೆ ನಾಲ್ಕು ಸಲ ಮಡಚಿ ಬಿಚ್ಚಿ ನೋಡಿ. ಹದಿನಾರು ಮನೆಗಳು ಕಾಣುತ್ತವೆ. ಅಳತೆಪಟ್ಟಿ ಇಲ್ಲದೆ, ಬರಿಯ ಕೈಯಲ್ಲಿ ಹತ್ತು ಸಮಭಾಗ ಮಾಡುವುದು ಕಷ್ಟ. ಹದಿನಾರು ಮಾಡುವುದು ಸುಲಭ. ಹದಿನೈದು ಮನೆಗಳಿಗೆ ಬಣ್ಣ ಹಚ್ಚಿ. ಅದೇ ಮುಕ್ಕಾಲು ಮೂರುವೀಸ.

ಹಿಂದೆ ನಮ್ಮ ರೂಪಾಯಿಗೂ ಹದಿನಾರು ಆಣೆಗಳಿದ್ದವು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಆಣೆ ಹೋಯಿತು, ಆದರೆ “ಹದಿನಾರಾಣೆ ಸತ್ಯ” ಎಂಬ ಮಾತು ಉಳಿಯಿತು. ಹದಿನಾರಾಣೆ ಎಂದರೆ 16/16. ಸ್ವಲ್ಪವೂ ಕೊರತೆಯಿಲ್ಲ ಎಂದರ್ಥ. ಮುಕ್ಕಾಲು ಮೂರುವೀಸಕ್ಕೂ ಹದಿನಾರಾಣೆಗೂ ಇರುವ ಅಂತರ ಒಂದೇ ಭಾಗ ಎಂಬುದನ್ನು ಗಮನಿಸಿದಿರಾ?

“ಮೆಟ್ರಿಕ್ ಪದ್ಧತಿ ಬಂದ ಮೇಲೆ ಈ ಹಳೆಯ ಪದಗಳೇಕೆ?” ಎಂದು ಕೆಲವರು ಕೇಳುತ್ತಾರೆ. ಅಳತೆಗೆ ವೀಸ ಬೇಡ, ನಿಜ. ಕಿಲೋಗ್ರಾಂ, ಲೀಟರ್‌ಗಳೇ ಸಾಕು. ಆದರೆ ಮಾತನ್ನು ಉಳಿಸಿಕೊಂಡು ಅದರೊಳಗಿನ ಲೆಕ್ಕವನ್ನು ಕಳೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಭಿನ್ನರಾಶಿ ಎಂದರೆ ನಿಮ್ಮಲ್ಲಿ ಹಲವರಿಗೆ ಹೆದರಿಕೆ. ಅದು ಪುಸ್ತಕದಲ್ಲಿ ಮಾತ್ರ ಇರುವ ವಸ್ತು ಎಂದುಕೊಂಡಿದ್ದೀರಿ. ಆದರೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಮಾತಿನಲ್ಲೂ 15/16 ಇದೆ. ಮನೆಯ ಮಾತಿನಲ್ಲೇ ಇರುವುದಕ್ಕೆ ಹೆದರುವುದೇಕೆ?

ಎರಡನೆಯದು ಇನ್ನೂ ಮುಖ್ಯ. ಈ ನುಡಿಗಟ್ಟು ‘ಎಲ್ಲ’ ಎನ್ನುವುದಿಲ್ಲ, ಒಂದು ಭಾಗವನ್ನು ಬಿಟ್ಟು ಮಾತನಾಡುತ್ತದೆ. ಹದಿನಾರು ಅವರೆ ಬೀಜ ಬಿತ್ತಿದಿರಿ, ಹದಿನೈದು ಮೊಳೆತವು ಎನ್ನಿ. “ಎಲ್ಲವೂ ಮೊಳೆತವು” ಎಂದರೆ ಮಾತು ಮುಗಿಯಿತು. “ಮುಕ್ಕಾಲು ಮೂರುವೀಸ ಮೊಳೆತವು” ಎಂದರೆ ಪ್ರಶ್ನೆ ಹುಟ್ಟುತ್ತದೆ. ಆ ಒಂದು ಬೀಜ ಏಕೆ ಮೊಳೆಯಲಿಲ್ಲ? ಹುಳು ತಿಂದಿತ್ತೇ? ನೀರು ಹೆಚ್ಚಾಯಿತೇ? ವಿಜ್ಞಾನ ಶುರುವಾಗುವುದು ಇಂಥ ಪ್ರಶ್ನೆಯಿಂದಲೇ.

ಒಂದು ಊರಿನಲ್ಲಿ 160 ಮಕ್ಕಳಿದ್ದಾರೆ ಎಂದುಕೊಳ್ಳಿ. “ಮುಕ್ಕಾಲು ಮೂರುವೀಸ ಮಕ್ಕಳು ಶಾಲೆಗೆ ಬರುತ್ತಾರೆ” ಎಂದು ಯಾರೋ ಹೆಮ್ಮೆಯಿಂದ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ನೀವು ಲೆಕ್ಕ ಮಾಡಿ. 160ರಲ್ಲಿ ಒಂದು ವೀಸ ಎಂದರೆ 10. ಆ ಹತ್ತು ಮಕ್ಕಳು ಎಲ್ಲಿದ್ದಾರೆ? ಕುರಿ ಕಾಯುತ್ತಿದ್ದಾರೆಯೇ? ಇಟ್ಟಿಗೆ ಗೂಡಿನಲ್ಲಿದ್ದಾರೆಯೇ? ತಂಗಿ ತಮ್ಮಂದಿರನ್ನು ನೋಡಿಕೊಳ್ಳುತ್ತಾ ಮನೆಯಲ್ಲೇ ಉಳಿದಿದ್ದಾರೆಯೇ?

ಮುಂದೆ ಯಾರಾದರೂ ‘ಮುಕ್ಕಾಲು ಮೂರುವೀಸ’ ಎಂದಾಗ, ಸಾಧ್ಯವಿದ್ದರೆ ಎಣಿಸಿ ನೋಡಿ. ಲೆಕ್ಕ ಸರಿಯಿದ್ದರೂ ಅಲ್ಲಿಗೇ ನಿಲ್ಲಿಸಬೇಡಿ. ಉಳಿದ ಒಂದು ವೀಸ ಎಲ್ಲಿ ಎಂದು ಕೇಳಿ.